ಮಳೆಗಾಲದ ಮಲೆನಾಡಿಗೆ ಎಂಥ ಬೂಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹಿಡಿದು ಕುದುರೆಮುಖದ ಹುಲ್ಲುಗಾವಲು ಹಸಿರಾಗುವ ಹೊತ್ತಿಗೆ ನನಗೆ ಬರುವ ಫೋನ್ ಕರೆಗಳಲ್ಲಿ ಅರ್ಧದಷ್ಟು ಕಾಲಿಗೆ ಏನು ಹಾಕಿಕೊಳ್ಳಬೇಕು ಎಂಬುದರ ಬಗ್ಗೆಯೇ ಇರುತ್ತವೆ. ಚಾರಣಕ್ಕೆ ಹೊರಟವರು, ಹಕ್ಕಿ ನೋಡುವವರು, ಊರಿನಲ್ಲಿ ತೋಟ ಕೊಂಡು ಮೊದಲ ಮಳೆಗಾಲಕ್ಕೆ ಸಿದ್ಧರಾಗುತ್ತಿರುವವರು, ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಆ ಪ್ರಶ್ನೆಗಳನ್ನೂ, ಮಲೆನಾಡಿನ ಕಾಡು ನಡೆದು ನಾನು ಕಂಡುಕೊಂಡ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇನೆ. ಹಿಮಾಲಯದ ಚಾರಣಕ್ಕೆ ಈ ಉತ್ತರಗಳು ಹೊಂದುವುದಿಲ್ಲ.

ಆನ್‌ಲೈನ್ ಅಂಗಡಿಗಳಲ್ಲಿ ‘ಹಂಟಿಂಗ್ ಬೂಟ್’ ಎಂದು ಮಾರುವ ಬೂಟುಗಳು ನಮ್ಮ ಕಾಡಿಗೆ ಆಗುತ್ತವೆಯೇ?

ಬಹುಪಾಲು ಆಗುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಆ ಹೆಸರಿನ ಬೂಟು ನಮ್ಮ ಅಗತ್ಯವನ್ನು ನೋಡಿ ಹುಟ್ಟಿದ್ದಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ ಜಿಂಕೆ ಬೇಟೆಗೆ ಅನುಮತಿ ಇರುವುದು ಹೆಚ್ಚಾಗಿ ಚಳಿ ಬಿದ್ದ ಮೇಲೆ. ಬೇಟೆಗಾರರು ಮರದ ಮೇಲಿನ ಅಟ್ಟಣಿಗೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಾರೆ. ಆಗ ಪಾದ ಮರಗಟ್ಟದಿರಲಿ ಎಂದು ಬೂಟಿನೊಳಗೆ ಶಾಖ ಹಿಡಿದಿಡುವ ಪದರ ಹಾಕಿರುತ್ತಾರೆ. ವಿವರಣೆಯಲ್ಲಿ ಕಾಣುವ 400 ಗ್ರಾಂ, 800 ಗ್ರಾಂ ಎಂಬ ಅಂಕಿಗಳು ಆ ಪದರದ ಒಂದು ಚದರ ಮೀಟರಿನ ತೂಕ. ಪರಿಚಿತರೊಬ್ಬರು ಅದನ್ನು ಬೂಟಿನ ತೂಕವೆಂದು ತಿಳಿದು, ಇಷ್ಟು ಹಗುರವೇ ಎಂದು ಸಂತೋಷದಿಂದ ತರಿಸಿಕೊಂಡರು. ಆಗುಂಬೆಯ ಜುಲೈ ತಿಂಗಳಲ್ಲಿ ಒಂದು ಗಂಟೆ ನಡೆಯುವಷ್ಟರಲ್ಲಿ ಅವರ ಪಾದ ಬೇಯಿಸಿದ ಗೆಣಸಿನಂತಾಗಿತ್ತು.

ಬೇಟೆಯ ಬೂಟಿನ ಚರಿತ್ರೆಯಿಂದ ಕಲಿಯುವುದೇನೂ ಇಲ್ಲವೆಂದಲ್ಲ. ಅಮೆರಿಕದ ಮೇನ್ ರಾಜ್ಯದ ಲಿಯಾನ್ ಲಿಯೊನ್‌ವುಡ್ ಬೀನ್ ಎಂಬಾತ ಬೇಟೆಗೆ ಹೋದಾಗಲೆಲ್ಲ ಕಾಲು ತೊಯ್ಯುತ್ತಿದ್ದುದಕ್ಕೆ ಬೇಸತ್ತು, ರಬ್ಬರಿನ ತಳಭಾಗಕ್ಕೆ ಚರ್ಮದ ಮೇಲ್ಭಾಗವನ್ನು ಹೊಲಿಸಿ 1912ರಲ್ಲಿ ಮಾರಾಟಕ್ಕಿಟ್ಟ. ಮೊದಲ 100 ಜೋಡಿಗಳಲ್ಲಿ 90 ಜೋಡಿಗಳು ಹೊಲಿಗೆ ಬಿಟ್ಟು ವಾಪಸು ಬಂದವು, ಆತ ಹಣ ಹಿಂದಿರುಗಿಸಿ ಬೂಟನ್ನು ತಿದ್ದಿದ. ಎರಡು ಬೇರೆ ವಸ್ತುಗಳು ಕೂಡುವ ಜಾಗವೇ ಬೂಟಿನ ಅತಿ ದುರ್ಬಲ ಜಾಗ ಎಂಬ ಮಾತು ಇಂದಿಗೂ ನಿಜ. ಅಂಗಡಿಯಲ್ಲಿ ಬೂಟು ಕೈಗೆತ್ತಿಕೊಂಡಾಗ ಮೊದಲು ಬೆರಳಾಡಿಸಬೇಕಾದದ್ದು ಅಟ್ಟೆಯೂ ಮೇಲ್ಭಾಗವೂ ಸೇರುವ ಅಂಚಿನ ಮೇಲೆ.

ಮಳೆಗಾಲಕ್ಕೆ ವಾಟರ್‌ಪ್ರೂಫ್ ಬೂಟೇ ಸರಿಯಲ್ಲವೇ?

ಮೇಲ್ನೋಟಕ್ಕೆ ಹೌದೆನಿಸುತ್ತದೆ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ಜುಲೈನಲ್ಲಿ ದುಬಾರಿ ವಾಟರ್‌ಪ್ರೂಫ್ ಬೂಟು ಧರಿಸಿ ಕುದುರೆಮುಖ ಹತ್ತಿದೆ. ಮೊದಲ ಅರ್ಧ ಗಂಟೆ ಪಾದ ಬೆಚ್ಚಗೆ ಒಣಗಿತ್ತು. ಅನಂತರ ಸಿಕ್ಕ ಹಳ್ಳದಲ್ಲಿ ನೀರು ಮೊಣಕಾಲಿನ ಹತ್ತಿರಕ್ಕೆ ಬಂತು. ಬೂಟಿನ ಬಾಯಿಯಿಂದ ಒಳಗೆ ಇಳಿದ ನೀರು ಮತ್ತೆ ಹೊರಗೆ ಹೋಗಲಿಲ್ಲ. ಹೊರಗಿನ ನೀರನ್ನು ತಡೆಯುವ ಪೊರೆ ಒಳಗಿನ ನೀರನ್ನೂ ಅಷ್ಟೇ ನಿಷ್ಠೆಯಿಂದ ತಡೆಯುತ್ತದೆ. ಉಳಿದ ದಿನವೆಲ್ಲ ಎರಡು ಚೊಂಬು ನೀರಿನಲ್ಲಿ ಕಾಲಿಟ್ಟು ನಡೆದಂತಾಯಿತು, ಹೆಜ್ಜೆ ಹೆಜ್ಜೆಗೂ ಚೊಳಕ್ ಎನ್ನುವ ಸದ್ದು ಬೇರೆ. ಸಂಜೆ ಬೂಟು ಬಿಚ್ಚಿದಾಗ ಅಂಗಾಲಿನ ಚರ್ಮ ಬಿಳಿಚಿಕೊಂಡು ಸುಕ್ಕುಗಟ್ಟಿತ್ತು, ಬೂಟು ಒಣಗಲು ಮೂರು ದಿನ ಹಿಡಿಯಿತು.

ನೀರು ಮೇಲಿನಿಂದ ಇಳಿಯುವುದಕ್ಕೆ ಹಳ್ಳವೇ ಬೇಕೆಂದಿಲ್ಲ. ಒದ್ದೆ ಹುಲ್ಲಿನಲ್ಲಿ ನಡೆದರೆ ಪ್ಯಾಂಟು ತೊಯ್ದು, ಅದರಿಂದ ಸಾಕ್ಸು ತೊಯ್ದು, ಸಾಕ್ಸಿನ ನೂಲು ಬತ್ತಿಯಂತೆ ನೀರನ್ನು ಒಳಗೆಳೆಯುತ್ತದೆ. ಗೋರ್‌ಟೆಕ್ಸ್ ಮಾದರಿಯ ಪೊರೆಗಳು ಬೆವರಿನ ಆವಿಯನ್ನು ಹೊರಗೆ ಬಿಡುತ್ತವೆ ಎಂಬುದು ಸುಳ್ಳಲ್ಲ. ಆದರೆ ಒಳಗಿನ ಗಾಳಿಗಿಂತ ಹೊರಗಿನ ಗಾಳಿ ಒಣಗಿದ್ದಾಗ ಮಾತ್ರ ಆವಿ ಹೊರಕ್ಕೆ ಸಾಗುತ್ತದೆ. ಆಷಾಢದ ಮಲೆನಾಡಿನಲ್ಲಿ, ಗೋಡೆಯೇ ಬೆವರುವ ದಿನಗಳಲ್ಲಿ, ಆ ವ್ಯತ್ಯಾಸ ತೀರ ಕಡಿಮೆ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಡಿಗೆ ನನ್ನ ಸಲಹೆ ಒಂದೇ: ಕಾಲು ಒದ್ದೆಯಾಗುವುದನ್ನು ಒಪ್ಪಿಕೊಂಡು, ಒಳಬಂದ ನೀರನ್ನು ಬೇಗ ಹೊರಗೆ ಬಿಡುವ ಬೂಟನ್ನು ಆರಿಸಿಕೊಳ್ಳಬೇಕು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಬಳಸಿದ ಜಂಗಲ್ ಬೂಟಿನ ಮೇಲ್ಭಾಗ ಬಟ್ಟೆಯದಾಗಿತ್ತು. ಪಾದದ ಕಮಾನಿನ ಬಳಿ, ಒಳಪಕ್ಕದಲ್ಲಿ, ನೀರು ಬಸಿದು ಹೋಗಲು ಲೋಹದ ಜಾಲರಿಯ ಎರಡು ಸಣ್ಣ ತೂತುಗಳಿದ್ದವು. ಇಂದು ಸಿಗುವ ಬಲೆಬಟ್ಟೆಯ ಟ್ರೇಲ್ ಶೂಗಳೂ, ವಾಟರ್‌ಪ್ರೂಫ್ ಅಲ್ಲದ ಹಗುರ ಚಾರಣದ ಬೂಟುಗಳೂ ಮಾಡುವುದು ಇದೇ ಕೆಲಸವನ್ನು. ನವೆಂಬರ್ ನಂತರ, ಇಬ್ಬನಿ ಬೀಳುವ ಬೆಳಗಿನಲ್ಲಿ ಹುಲ್ಲುಗಾವಲು ದಾಟಬೇಕಾದಾಗ ಮಾತ್ರ ವಾಟರ್‌ಪ್ರೂಫ್ ಬೂಟು ತನ್ನ ಬೆಲೆಗೆ ನ್ಯಾಯ ಒದಗಿಸುತ್ತದೆ.

ಹಾಗಾದರೆ ಗಂಬೂಟು ಹಾಕಿಕೊಂಡು ಚಾರಣ ಮಾಡಬಹುದೇ?

ಗಂಬೂಟು ತೋಟದ ಕೆಲಸಕ್ಕೆ ಒಳ್ಳೆಯದು. ಅಡಿಕೆ ತೋಟದ ಕಪ್ಪು (ಬಸಿಗಾಲುವೆ), ಗದ್ದೆಯ ಕೆಸರು, ಕೊಟ್ಟಿಗೆಯ ರಾಡಿ, ಇವುಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರಿಗೆ ಅದಕ್ಕಿಂತ ಮಿಗಿಲಾದದ್ದಿಲ್ಲ. ಇಲಿಜ್ವರದ ರೋಗಾಣು ಇಲಿಯ ಮೂತ್ರ ಬೆರೆತ ನೀರಿನಿಂದ ಕಾಲಿನ ಸಣ್ಣ ಗಾಯದ ಮೂಲಕವೂ ದೇಹವನ್ನು ಸೇರಬಲ್ಲದ್ದರಿಂದ, ನಿಂತ ನೀರಿನಲ್ಲಿ ಕೆಲಸ ಮಾಡುವವರು ಬರಿಗಾಲಿನಲ್ಲಿ ಇಳಿಯದಿರುವುದು ಲೇಸು. ಕೊಳ್ಳುವಾಗ ಐಎಸ್ಐ ಗುರುತನ್ನು ನೋಡಿರಿ. ಪಿವಿಸಿ ಬೂಟುಗಳಿಗೆ ಸಂಬಂಧಿಸಿದ ಮಾನಕ ಐಎಸ್ 12254. ಸಾವಿರ ರೂಪಾಯಿಯೊಳಗೆ ಸಿಗುವ ಬೂಟು ಒಂದೆರಡು ಮಳೆಗಾಲಕ್ಕೆ ಮೋಸ ಮಾಡುವುದಿಲ್ಲ.

ಆದರೆ ಬೆಟ್ಟ ಹತ್ತುವುದಕ್ಕೆ ಅದು ತಕ್ಕುದಲ್ಲ. ಲೇಸಿಲ್ಲದ ಕಾರಣ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆದ್ದು ಉಜ್ಜುತ್ತದೆ, ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳುಗಳು ತುದಿಗೆ ಬಡಿಯುತ್ತವೆ. ಹಳ್ಳದಲ್ಲಿ ನೀರು ತುಂಬಿದ ಗಂಬೂಟಿನೊಂದಿಗೆ ಕಾಲೆತ್ತುವುದೇ ಕಷ್ಟ. ಊರಿನವರು ಗಂಬೂಟಿನಲ್ಲೇ ಗುಡ್ಡ ಹತ್ತುವುದನ್ನು ನೋಡಿ ಅನುಕರಿಸಬೇಡಿರಿ, ಅವರ ಕಾಲಿನ ಅಭ್ಯಾಸವೇ ಬೇರೆ.

ಬೂಟಿನ ಅಳತೆಯನ್ನು ಹೇಗೆ ನಿರ್ಧರಿಸಬೇಕು? ನನ್ನ ಆಫೀಸ್ ಶೂ 8ನೇ ನಂಬರಿನದು.

ಆ ನಂಬರನ್ನು ಮರೆತುಬಿಡುವುದರಿಂದಲೇ ಆರಂಭಿಸಬಹುದು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯುವುದು ಬ್ರಿಟಿಷ್ ಅಳತೆ. ಅದರಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಯುರೋಪಿನ ಅಳತೆಯಲ್ಲಿ ಈ ಅಂತರ ಸುಮಾರು 6.7 ಮಿ.ಮೀ. ಅಮೆರಿಕದ ಗಂಡಸರ ನಂಬರು ಬ್ರಿಟಿಷ್ ನಂಬರಿಗಿಂತ ಸಾಮಾನ್ಯವಾಗಿ ಒಂದು ಹೆಚ್ಚಿರುತ್ತದೆ. ಹೊರದೇಶದಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ಕಳುಹಿಸಿದ ಬೂಟು ಕಾಲಿಗೆ ಹಿಡಿಯದೆ ಅಟ್ಟ ಸೇರುವುದಕ್ಕೆ ಈ ಗೊಂದಲವೇ ಬಹುಮಟ್ಟಿಗೆ ಕಾರಣ.

ಉದ್ದದಷ್ಟೇ ಅಗಲವೂ ಮುಖ್ಯ. ಬರಿಗಾಲಿನಲ್ಲೂ ಚಪ್ಪಲಿಯಲ್ಲೂ ಬೆಳೆದ ನಮ್ಮ ಪಾದಗಳು ಬೆರಳಿನ ಬುಡದಲ್ಲಿ ಅಗಲವಾಗಿರುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರಿಗೇ ಬೇರೆ ಅಳತೆಪದ್ಧತಿ ಬೇಕೆಂದು ಹೇಳಿರುವುದು ಸುಮ್ಮನೆ ಅಲ್ಲ. ಉದ್ದ ಸರಿಯಿದ್ದೂ ಪಕ್ಕಕ್ಕೆ ಒತ್ತುವ ಬೂಟನ್ನು ‘ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ’ ಎಂಬ ಅಂಗಡಿಯವರ ಮಾತು ನಂಬಿ ಕೊಳ್ಳಬಾರದು. ಚರ್ಮವಾದರೆ ಸ್ವಲ್ಪ ಹಿಗ್ಗುತ್ತದೆ, ಕೃತಕ ಬಟ್ಟೆ ಹಿಗ್ಗುವುದಿಲ್ಲ.

ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಂಡಿರುತ್ತದೆ, ಚಾರಣದ ದಿನವೂ ಹಾಗೆಯೇ ಊದುತ್ತದೆ. ಆದ್ದರಿಂದ ಅಂಗಡಿಗೆ ಸಂಜೆಯೇ ಹೋಗಿ, ಚಾರಣಕ್ಕೆ ಧರಿಸುವ ಸಾಕ್ಸನ್ನೇ ಜೊತೆಗೆ ಕೊಂಡೊಯ್ಯಿರಿ. ಎರಡು ಪಾದಗಳಲ್ಲಿ ದೊಡ್ಡದಾದುದಕ್ಕೆ ಹೊಂದುವಂತೆ ಆರಿಸಬೇಕು. ಲೇಸು ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುವಷ್ಟು ಜಾಗವಿರಬೇಕು. ಲೇಸು ಬಿಗಿದ ಮೇಲೆ ಹಿಮ್ಮಡಿ ಮೇಲೇಳಕೂಡದು. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ನಾಲ್ಕೈದು ಬಾರಿ ಇಳಿದು ನೋಡಿರಿ. ಹೆಬ್ಬೆರಳು ತುದಿಗೆ ತಾಗಿತೆಂದರೆ, ಕುಮಾರ ಪರ್ವತದ 1,712 ಮೀಟರ್ ಎತ್ತರದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವಷ್ಟರಲ್ಲಿ ಉಗುರು ಕಪ್ಪಾಗುವುದು ನಿಶ್ಚಿತ.

ಅಟ್ಟೆಯಲ್ಲಿ ಏನನ್ನು ನೋಡಬೇಕು? ಜಾರದ ಬೂಟು ಯಾವುದು?

ಯಾವ ನೆಲದ ಮೇಲೂ ಜಾರದ ಬೂಟು ಇಲ್ಲ. ಕೆಸರಿಗೆ ಬೇಕಾದುದು ಬಂಡೆಗೆ ಆಗದು. ಕೆಸರಿನ ಏರಿನಲ್ಲಿ ಆಳವಾದ, ಒಂದಕ್ಕೊಂದು ದೂರವಿರುವ ಹಲ್ಲುಗಳು ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಹಲ್ಲುಗಳು ಒತ್ತಾಗಿದ್ದರೆ ಸಂದಿನಲ್ಲಿ ಜೇಡಿ ತುಂಬಿಕೊಂಡು ಇಡೀ ಅಟ್ಟೆ ನುಣುಪಾದ ಹಲಗೆಯಂತಾಗುತ್ತದೆ. ಒದ್ದೆ ಬಂಡೆಯ ಮೇಲೆ ಹಲ್ಲಿನ ಆಳಕ್ಕಿಂತ ರಬ್ಬರಿನ ಮೃದುತ್ವ ಮುಖ್ಯವಾಗುತ್ತದೆ. ಅಟ್ಟೆಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ತುಸುವಾದರೂ ತಗ್ಗಬೇಕು. ಪ್ಲಾಸ್ಟಿಕ್ಕಿನಂತೆ ಗಡುಸಾಗಿದ್ದರೆ ಬಿಟ್ಟುಬಿಡಿರಿ. ಹಾವಸೆ ಕಟ್ಟಿದ ಮುರಕಲ್ಲಿನ ಮೆಟ್ಟಿಲ ಮೇಲೆ ಮಾತ್ರ ಎಷ್ಟೇ ಒಳ್ಳೆಯ ರಬ್ಬರೂ ಕೈಕೊಡುತ್ತದೆ, ಅಲ್ಲಿ ಕೋಲೂರಿ ಹೆಜ್ಜೆ ಕಿರಿದು ಮಾಡುವುದೊಂದೇ ದಾರಿ.

ಹಲವು ಬೂಟುಗಳ ಅಡಿಯಲ್ಲಿ ಕಾಣುವ ‘ವಿಬ್ರಂ’ ಎಂಬ ಹಳದಿ ಗುರುತಿನ ಬಗ್ಗೆ ಕೇಳುವವರಿದ್ದಾರೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಸಂಗಡಿಗರಲ್ಲಿ ಆರು ಜನರನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಮಾನಿ, ಅಂಥ ದುರಂತ ಮರುಕಳಿಸದಿರಲೆಂದು ರೂಪಿಸಿದ ರಬ್ಬರಿನ ಅಟ್ಟೆ 1937ರಲ್ಲಿ ಬಂತು. ವಿಬ್ರಂ ಎಂಬುದು ಅವನ ಹೆಸರಿನದೇ ಮೊಟಕು. ಆ ಕಂಪನಿಯೂ ಬೇರೆ ಬೇರೆ ನೆಲಕ್ಕೆ ಬೇರೆ ಬೇರೆ ರಬ್ಬರು ಮಾಡುವುದರಿಂದ, ಗುರುತನ್ನು ನೋಡಿದರಷ್ಟೇ ಸಾಲದು, ಉಗುರಿನ ಪರೀಕ್ಷೆಯನ್ನೂ ಮಾಡಬೇಕು.

ಇಂಬಳ ಹತ್ತದ ಬೂಟು ಇದೆಯೇ?

ಇಲ್ಲ. ಇಂಬಳ ಎಂದರೆ ಕಾಡಿನ ನೆಲದ ಜಿಗಣೆ. ಈ ಇಂಬಳ, ಅಥವಾ ಶಿರಸಿ ಕಡೆಯವರು ಹೇಳುವ ಉಂಬಳ, ಬೂಟಿನ ಮೇಲೆ ಹತ್ತಿದ ಮೇಲೆ ಏನು ಮಾಡುತ್ತದೆಂದು ಒಮ್ಮೆ ಬಗ್ಗಿ ನೋಡಬೇಕು. ನೂಲಿನೆಳೆಯಷ್ಟು ತೆಳ್ಳಗಿನ ಜೀವ ಬಾಲದ ಮೇಲೆ ನಿಂತು, ತಲೆಯನ್ನು ಗಾಳಿಯಲ್ಲಿ ತೂಗಿ, ಗೇಣು ಹಾಕುತ್ತ ಲೇಸಿನ ತೂತುಗಳ ಕಡೆಗೇ ಬರುತ್ತದೆ. ಬೂಟಿನ ನಾಲಿಗೆಯ, ಅಂದರೆ ಲೇಸಿನಡಿಯ ಪಟ್ಟಿಯ, ಪಕ್ಕದ ಸಂದಿನಲ್ಲಿ ಮಾಯವಾದರೆ, ಮತ್ತೆ ಕಾಣುವುದು ಸಂಜೆ ಸಾಕ್ಸು ಬಿಚ್ಚಿದಾಗ, ದ್ರಾಕ್ಷಿಯಷ್ಟು ದಪ್ಪವಾಗಿ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಡುವುದರಿಂದ, ಬಿಟ್ಟುಹೋದ ಮೇಲೂ ಬಹಳ ಹೊತ್ತು ರಕ್ತ ಜಿನುಗುತ್ತದೆ.

ಆದ್ದರಿಂದ ಬೂಟು ಕೊಳ್ಳುವಾಗ ನಾಲಿಗೆಯ ಎರಡೂ ಪಕ್ಕ ಮೇಲಿನವರೆಗೆ ಹೊಲಿದಿದೆಯೇ ಎಂದು ನೋಡಬೇಕು. ಇಂಬಳದ ನಿಜವಾದ ತಡೆ ಲೀಚ್ ಸಾಕ್ಸ್: ಒತ್ತಾಗಿ ನೇಯ್ದ ಬಟ್ಟೆಯಿಂದ ಹೊಲಿದ, ಮೊಣಕಾಲಿನ ಕೆಳಗೆ ದಾರದಿಂದ ಕಟ್ಟುವ ಚೀಲ. ಇದನ್ನು ಸಾಮಾನ್ಯ ಸಾಕ್ಸಿನ ಮೇಲೆ, ಬೂಟಿನ ಒಳಗೆ ಧರಿಸಿ, ಪ್ಯಾಂಟಿನ ಕಾಲನ್ನು ಅದರೊಳಗೆ ಸೇರಿಸಬೇಕು. ಬಿಳಿ ಬಟ್ಟೆಯದಾದರೆ ಹತ್ತುತ್ತಿರುವ ಇಂಬಳ ಕಾಣಿಸುತ್ತದೆ. ಬೂಟಿಗೆ ಉಪ್ಪು, ನಶ್ಯ, ಡೆಟಾಲ್ ಬಳಿಯುವವರಿದ್ದಾರೆ. ಮೊದಲ ಹಳ್ಳ ದಾಟುವಷ್ಟರಲ್ಲಿ ಎಲ್ಲವೂ ತೊಳೆದುಹೋಗುತ್ತದೆ. ಸುಣ್ಣ ಮತ್ತು ಹೊಗೆಸೊಪ್ಪಿನ ಗಂಟನ್ನು ಕೋಲಿನ ತುದಿಗೆ ಕಟ್ಟಿಕೊಂಡು ಹೋಗುವ ಹಳೆಯ ಪದ್ಧತಿ ಇದಕ್ಕಿಂತ ಜಾಣತನದ್ದು, ಏಕೆಂದರೆ ಬೇಕಾದಾಗ ಬೇಕಾದ ಜಾಗಕ್ಕೆ ಮುಟ್ಟಿಸಿದರಾಯಿತು. ಚರ್ಮಕ್ಕೆ ಕಚ್ಚಿಕೊಂಡಿರುವ ಇಂಬಳವನ್ನಾದರೆ, ಬಾಯಿರುವ ಸಣ್ಣ ತುದಿಯ ಬುಡಕ್ಕೆ ಉಗುರು ಕೊಟ್ಟು ಪಕ್ಕಕ್ಕೆ ಜಾರಿಸಿ ಬಿಡಿಸುವುದು ಒಳ್ಳೆಯದು.

ಹಾವಿನ ಕಡಿತದಿಂದ ಬೂಟು ಕಾಪಾಡುತ್ತದೆಯೇ?

ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ ಮತ್ತು ಮೊಣಕಾಲಿನಿಂದ ಕೆಳಗೆ. ಹರಡು ಮುಚ್ಚುವ ದಪ್ಪ ಬೂಟು, ಅದರ ಮೇಲೆ ಸಡಿಲವಾದ ಪ್ಯಾಂಟು ಇದ್ದರೆ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ; ಬಲೆಬಟ್ಟೆಯ ಶೂವಿನಿಂದ ಆ ರಕ್ಷಣೆಯನ್ನು ನಿರೀಕ್ಷಿಸಬಾರದು. ಕೊಳಕುಮಂಡಲ ತರಗೆಲೆಯ ನಡುವೆ ಮಲಗಿದರೆ ಕಣ್ಣಿಗೇ ಬೀಳುವುದಿಲ್ಲ. ಹೆಜ್ಜೆ ಇಡುವ ಜಾಗವನ್ನು ನೋಡುವುದು, ಮರದ ದಿಮ್ಮಿಯನ್ನು ದಾಟುವ ಬದಲು ಅದರ ಮೇಲೆ ಹತ್ತಿ ಆಚೆ ಬದಿಯನ್ನು ನೋಡಿ ಇಳಿಯುವುದು, ಕತ್ತಲೆಯಲ್ಲಿ ಬ್ಯಾಟರಿ ಹಿಡಿಯುವುದು ಬೂಟಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಅಂಗಳದಲ್ಲಿ ಬಿಟ್ಟ ಬೂಟನ್ನು ಬೆಳಿಗ್ಗೆ ತಲೆಕೆಳಗು ಮಾಡಿ ಕೊಡವದೆ ಕಾಲು ತೂರಿಸಬೇಡಿರಿ. ಹಾವಲ್ಲದಿದ್ದರೆ ಚೇಳು, ಚೇಳಲ್ಲದಿದ್ದರೆ ಕಪ್ಪೆ.

ಒಂದು ವೇಳೆ ಕಚ್ಚಿದರೆ, ಆ ಕಾಲು ಊದಿಕೊಳ್ಳುವ ಮೊದಲು ಲೇಸು ಪೂರ್ತಿ ಸಡಿಲಿಸಿ ಬೂಟನ್ನು ಮೆಲ್ಲಗೆ ತೆಗೆಯಬೇಕು. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಕಾಲನ್ನು ಅಲುಗಾಡಿಸದೆ ರೋಗಿಯನ್ನು ಹೊತ್ತುಕೊಂಡು ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಬೇಕು.

ಬೇಸಿಗೆಯ ಕಾಡಿಗೆ ಬೇರೆ ಬೂಟು ಬೇಕೇ?

ಬೂಟು ಅದೇ ಸಾಕು, ಧರಿಸುವ ಕ್ರಮ ಬದಲಾಗಬೇಕು. ಇಂಬಳ ಮರೆಯಾದ ಮೇಲೆ ಉಣುಗಿನ ಸರದಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗುಗಳೇ. ಹೆಚ್ಚಿನ ಪ್ರಕರಣಗಳು ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ. ಈ ತಿಂಗಳುಗಳಲ್ಲಿ ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರದೆ, ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಮಂಗ ಸತ್ತು ಬಿದ್ದಿರುವ ಸುದ್ದಿ ಇರುವ ಕಾಡಿಗೆ ಯಾವ ಬೂಟು ಧರಿಸಿಯೂ ಹೋಗಬಾರದು.

ಯಾವ ಸಾಕ್ಸ್ ಧರಿಸಬೇಕು?

ಹತ್ತಿಯದು ಬೇಡ. ಹತ್ತಿ ನೀರು ಕುಡಿದು, ಮುದ್ದೆಯಾಗಿ, ಚರ್ಮವನ್ನು ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ. ತೆಳುವಾದ ಉಣ್ಣೆಯ ಅಥವಾ ಕೃತಕ ನೂಲಿನ ಸಾಕ್ಸ್ ಒದ್ದೆಯಾದರೂ ಆಕಾರ ಬಿಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಣ ಜೋಡಿಯೊಂದು ರಾತ್ರಿಗೆಂದೇ ಇರಲಿ, ಹಗಲಿನಲ್ಲಿ ಅದನ್ನು ಮುಟ್ಟಬಾರದು. ಹೊಸ ಬೂಟು ಕಚ್ಚುವುದು ಸಹಜವಾದ್ದರಿಂದ ಚಾರಣಕ್ಕೆ ಎರಡು ಮೂರು ವಾರ ಮೊದಲೇ ಮನೆಯ ಸುತ್ತಮುತ್ತ ಧರಿಸಿ ಓಡಾಡಿರಿ. ಹಿಮ್ಮಡಿ ಬಿಸಿಯಾಗುತ್ತಿದೆ ಎನಿಸಿದ ಕೂಡಲೇ ನಿಂತು ಟೇಪು ಅಂಟಿಸಬೇಕು. ಬೊಬ್ಬೆ ಎದ್ದ ಮೇಲೆ ಅಂಟಿಸಿ ಪ್ರಯೋಜನವಿಲ್ಲ.

ಫ್ಯಾಕ್ಟರಿಯ ಸೇಫ್ಟಿ ಶೂ ಇದೆ, ಅದನ್ನೇ ಹಾಕಿಕೊಳ್ಳಬಹುದೇ?

ಬೇಡ. ಮುಂಭಾಗದ ಉಕ್ಕಿನ ಟೊಪ್ಪಿ ಇಳಿಜಾರಿನಲ್ಲಿ ಬೆರಳನ್ನು ಜಜ್ಜುತ್ತದೆ, ಅಟ್ಟೆ ಬಾಗುವುದಿಲ್ಲ, ತೂಕವೂ ಹೆಚ್ಚು. ಕಾಲಿನ ಮೇಲಿನ ಭಾರ ಬೆನ್ನ ಮೇಲಿನ ಅಷ್ಟೇ ಭಾರಕ್ಕಿಂತ ಹಲವು ಪಟ್ಟು ದಣಿಸುತ್ತದೆ.

ಮಳೆಗಾಲದಲ್ಲಿ ಬೂಟನ್ನು ಒಣಗಿಸುವುದು ಹೇಗೆ?

ಮೊದಲು ಕೆಸರು ತೊಳೆಯಿರಿ. ಅಟ್ಟೆಯ ಸಂದಿನಲ್ಲಿ ಕಳೆಯ ಬೀಜಗಳೂ ಕುಳಿತಿರುತ್ತವೆ, ಅವುಗಳನ್ನು ಇನ್ನೊಂದು ಕಾಡಿಗೆ ಹೊತ್ತೊಯ್ಯುವ ಅಗತ್ಯವಿಲ್ಲ. ಒಳಗಿನ ಮೆತ್ತೆಯನ್ನೂ ಲೇಸನ್ನೂ ತೆಗೆದು, ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸುತ್ತ ಫ್ಯಾನಿನ ಕೆಳಗಿಡಬೇಕು. ಬಚ್ಚಲ ಒಲೆಯ ಬಾಯಿಗೆ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಶಾಖಕ್ಕೆ ಅಂಟು ಮೆತ್ತಗಾಗಿ ಅಟ್ಟೆ ಬಿಡುತ್ತದೆ, ಚರ್ಮ ಬಿರಿಯುತ್ತದೆ. ಅಡಿಕೆ ಡ್ರೈಯರಿನೊಳಗೆ ಇಟ್ಟ ಬೂಟೊಂದು ಬೆಳಗಾಗುವಷ್ಟರಲ್ಲಿ ಬಾಯಿ ತೆರೆದ ಮೊಸಳೆಯಂತಾಗಿದ್ದುದನ್ನು ಕಂಡಿದ್ದೇನೆ. ಚರ್ಮದ ಬೂಟಿಗೆ ಬೂಷ್ಟು ಹಿಡಿದರೆ ಒಣಬಟ್ಟೆಯಿಂದ ಒರೆಸಿ, ಗಾಳಿಯಾಡಿಸಿ, ಅನಂತರ ಮೇಣ ಹಚ್ಚಿರಿ.

ಎರಡೇ ಬಾರಿ ಹಾಕಿದ ಬೂಟು ಅಟ್ಟದಿಂದ ಇಳಿಸಿದಾಗ ಅಟ್ಟೆ ಪುಡಿಪುಡಿಯಾಯಿತು. ಇದು ಕಳಪೆ ಮಾಲೇ?

ಹಾಗೆಂದೇ ಹೇಳಲಾಗದು. ಹೊರಗಿನ ರಬ್ಬರಿಗೂ ಪಾದಕ್ಕೂ ನಡುವೆ ಮೆತ್ತಗಿರಲೆಂದು ಹಾಕುವ ಪಾಲಿಯುರೆಥೇನ್ ಪದರ ಗಾಳಿಯ ತೇವದೊಂದಿಗೆ ನಿಧಾನವಾಗಿ ಪ್ರತಿಕ್ರಿಯಿಸಿ ಒಡೆಯುತ್ತ ಹೋಗುತ್ತದೆ. ಬಳಸಿದರೂ ಬಳಸದಿದ್ದರೂ ಇದು ನಡೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ. ಕರಾವಳಿ ಮತ್ತು ಮಲೆನಾಡಿನ ತೇವಕ್ಕೆ ಇದು ಹೇಳಿ ಮಾಡಿಸಿದ ಕಾಯಿಲೆ. ನನ್ನದೊಂದು ಬೂಟು ಆರು ವರ್ಷ ಅಟ್ಟದಲ್ಲಿದ್ದು, ಹೊರಟ ದಿನ ಜಗಲಿ ಇಳಿಯುವ ಮೊದಲೇ ಹಳೆಯ ಬೆಲ್ಲದಂತೆ ಉದುರಿತು. ಇವಿಎ ಎಂಬ ಇನ್ನೊಂದು ವಸ್ತುವಿನ ಪದರಕ್ಕೆ ಈ ತೊಂದರೆಯಿಲ್ಲ, ಆದರೆ ಅದು ಬೇಗ ಅದುಮಿಕೊಂಡು ಚಪ್ಪಟೆಯಾಗುತ್ತದೆ. ರಿಯಾಯಿತಿಯಲ್ಲಿ ಬೂಟು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳನ್ನು ನೋಡುವುದು ಇದಕ್ಕಾಗಿಯೇ.

ಕಾಡಿನ ನಡುವೆ ಅಟ್ಟೆ ಬಿಚ್ಚಿಕೊಂಡರೆ ಏನು ಮಾಡಬೇಕು?

ಒದ್ದೆ ರಬ್ಬರಿಗೆ ಯಾವ ಅಂಟೂ, ಯಾವ ಟೇಪೂ ಹಿಡಿಯುವುದಿಲ್ಲ. ಚೀಲದಲ್ಲಿ ಒಂದು ಜೊತೆ ಹೆಚ್ಚುವರಿ ಲೇಸು, ನಾಲ್ಕಾರು ಪ್ಲಾಸ್ಟಿಕ್ ಕೇಬಲ್ ಟೈ ಇಟ್ಟುಕೊಂಡಿರಿ. ಲೇಸನ್ನು ಅಟ್ಟೆಯ ಹಲ್ಲುಗಳ ಸಂದಿನಲ್ಲಿ ಕೂರುವಂತೆ ಬೆರಳಿನ ಬುಡದ ಬಳಿ ಎರಡು ಸುತ್ತು ಸುತ್ತಿ, ಗಂಟು ಪಾದದ ಮೇಲ್ಗಡೆ ಬರುವಂತೆ ಕಟ್ಟಬೇಕು. ಗಂಟು ಅಡಿಗೆ ಬಂದರೆ ಹತ್ತು ನಿಮಿಷದಲ್ಲಿ ಸವೆದು ಹರಿಯುತ್ತದೆ. ಹಿಮ್ಮಡಿಯ ಕಡೆ ಬಿಚ್ಚಿದ್ದರೆ ಲೇಸನ್ನು ಹರಡಿನ ಸುತ್ತ ಕೊಂಡೊಯ್ದು ಮುಂದೆ ಕಟ್ಟಿರಿ. ಅಟ್ಟೆ ಪೂರ್ತಿ ಕಳಚಿಬಿದ್ದರೆ ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ಲೇ ಗತಿ. ಅದಕ್ಕಾಗಿ ಒಂದು ಜೊತೆಯನ್ನು ನಾನು ಚೀಲದ ಹೊರಗೆ ತೂಗಿಹಾಕಿಕೊಂಡೇ ಹೋಗುತ್ತೇನೆ, ರಾತ್ರಿ ತಂಗುವ ಮನೆಯ ಅಂಗಳದಲ್ಲಿ ಓಡಾಡಲೂ ಅದೇ ಆಗುತ್ತದೆ.